ಕುನುನುರಾ: ನೀರು ಮೊದಲು ಬಂದ ಊರು, ಬೆಳೆ ಹುಡುಕ್ತಾ ಅರವತ್ತು ವರ್ಷ

ಮೊದಲು ಒಂದು ಲೆಕ್ಕ ಹೇಳಿಬಿಡ್ತೀನಿ. ಇಲ್ಲಿ ಕೂತಿರೋರಲ್ಲಿ ಮುಕ್ಕಾಲು ಜನ ತುಂಗಭದ್ರಾ ಅಚ್ಚುಕಟ್ಟಿನವರು, ನಿಮಗೆ ಟಿಎಂಸಿ ಲೆಕ್ಕ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಡ್ಯಾಮಲ್ಲಿ ಹೂಳು ತುಂಬಿ ಈಗ ಉಳಿದಿರೋದು 105 ಟಿಎಂಸಿ ಚಿಲ್ಲರೆ, ಆ ನೀರಲ್ಲೇ ಎಡದಂಡೆ ಕಾಲುವೆ ಒಂದಕ್ಕೇ ಆರು ಲಕ್ಷ ಎಕರೆ ಹತ್ತಿರ ಅಚ್ಚುಕಟ್ಟು ಇದೆ, ಕೊನೆ ಭಾಗದವರಿಗೆ ನೀರು ಮುಟ್ಟಲ್ಲ ಅಂತ ಪ್ರತಿ ವರ್ಷ ಗಲಾಟೆ. ಈಗ ಆಸ್ಟ್ರೇಲಿಯಾದ ಉತ್ತರ ತುದಿಯಲ್ಲಿ ಆರ್ಡ್ ಅನ್ನೋ ನದಿಗೆ ಕಟ್ಟಿದ ಒಂದು ಡ್ಯಾಮಿದೆ, ಅದರ ಹಿಂದೆ ನಿಂತಿರೋ ಜಲಾಶಯಕ್ಕೆ ಲೇಕ್ ಆರ್ಗೈಲ್ ಅಂತಾರೆ. ಅದು ತುಂಬಿದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 380 ಟಿಎಂಸಿ. ಮೂರೂವರೆ ತುಂಗಭದ್ರಾ ಅಂದ್ಕೊಳ್ಳಿ. ಅದರ ಕೆಳಗೆ ಮೊದಲ ಐವತ್ತು ವರ್ಷ ನೀರಾವರಿ ಆಗ್ತಿದ್ದ ಜಮೀನು ಎಷ್ಟು ಗೊತ್ತಾ? 35 ಸಾವಿರ ಎಕರೆ ಆಸುಪಾಸು. ಹೊಸದಾಗಿ ಸೇರಿಸಿದ್ದೆಲ್ಲ ಕೂಡಿಸಿದ್ರೂ ಈಗ 50 ಸಾವಿರ ಸ್ವಲ್ಪ ದಾಟತ್ತೆ ಅಷ್ಟೇ.

ಈ ಲೆಕ್ಕ ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ ಅಂದ್ರೆ ಉತ್ಪ್ರೇಕ್ಷೆ ಆಗತ್ತೆ, ಆದ್ರೆ ನೀರಾವರಿ ಬಗ್ಗೆ ನಾವು ಮಾತಾಡೋ ರೀತಿಯೇ ಸರಿ ಇಲ್ಲ ಅನ್ನೋ ಅನುಮಾನ ನನಗೆ ಗಟ್ಟಿಯಾಗಿದ್ದು ಅಲ್ಲಿಂದ. ನೀರು ಬಂದ್ರೆ ಎಲ್ಲಾ ಬರತ್ತೆ ಅಂತೀವಿ ನಾವು. ಅಲ್ಲಿ ನೀರು ಮೊದಲು ಬಂತು, ಅದರ ಜೊತೆ ಒಂದು ಊರೂ ಬಂತು, ಮಿಕ್ಕಿದ್ದು ಬರೋಕೆ ಅರವತ್ತು ವರ್ಷ ಹಿಡೀತು, ಇನ್ನೂ ಬರ್ತಾನೇ ಇದೆ. ಆ ಊರಿನ ಹೆಸರು ಕುನುನುರಾ. ಇವತ್ತು ಅದರ ಕಥೆ ಹೇಳ್ತೀನಿ.

ಎಲ್ಲಿದೆ ಅಂದ್ರೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಈಶಾನ್ಯ ಮೂಲೆ, ಕಿಂಬರ್ಲಿ ಅನ್ನೋ ಪ್ರದೇಶ. ಕಿಂಬರ್ಲಿ ಒಂದೇ ನಮ್ಮ ಕರ್ನಾಟಕದ ಎರಡು ಪಟ್ಟಿಗಿಂತ ದೊಡ್ಡದು, ಅಲ್ಲಿರೋ ಜನ ಮಾತ್ರ 40 ಸಾವಿರದ ಒಳಗೆ. ಕುನುನುರಾದಲ್ಲಿ 5 ಸಾವಿರದ ಆಸುಪಾಸು. ರಾಜ್ಯದ ರಾಜಧಾನಿ ಪರ್ತ್‌ಗೆ ರಸ್ತೇಲಿ ಹೋಗ್ಬೇಕಂದ್ರೆ 3,000 ಕಿಲೋಮೀಟರ್ ಮೇಲೆ, ಬೆಂಗಳೂರಿಂದ ಕಾಶ್ಮೀರಕ್ಕೆ ಹೋದಷ್ಟು, ಅದೂ ಒಂದೇ ರಾಜ್ಯದೊಳಗೆ. ಇನ್ನೊಂದು ಕಡೆ ಡಾರ್ವಿನ್, ಅದು 800 ಕಿಲೋಮೀಟರ್ ದಾಟಿ. ಹತ್ತಿರದ ಬಂದರು ವಿಂಡಮ್, ನೂರು ಕಿಲೋಮೀಟರ್. ಈ ದೂರಗಳನ್ನ ನೆನಪಲ್ಲಿ ಇಟ್ಕೊಳ್ಳಿ, ಮುಂದೆ ಪ್ರತಿ ಬೆಳೆ ಬಿದ್ದಾಗಲೂ ಈ ಕಿಲೋಮೀಟರ್‌ಗಳೇ ಅಡ್ಡ ಬರ್ತವೆ.

ಮಳೆ ವರ್ಷಕ್ಕೆ 800 ಮಿಲಿಮೀಟರ್ ಹತ್ತಿರ, ಕಡಿಮೆ ಏನಲ್ಲ, ನಮ್ಮ ರಾಯಚೂರಿಗಿಂತ ಜಾಸ್ತೀನೇ. ಆದ್ರೆ ಅಷ್ಟೂ ನವೆಂಬರ್‌ನಿಂದ ಏಪ್ರಿಲ್ ಒಳಗೆ ಸುರಿದು ಮುಗಿಯತ್ತೆ. ಮಳೆಗಾಲದಲ್ಲಿ ಆರ್ಡ್ ನದಿ ಕಡಲಿನ ಹಾಗೆ ಬರತ್ತೆ, ಡ್ಯಾಮ್ ಇಲ್ಲದ ಕಾಲದಲ್ಲಿ ಮಳೆ ಇಲ್ಲದ ತಿಂಗಳುಗಳಲ್ಲಿ ಅಲ್ಲಲ್ಲಿ ಮಡುಗಳು ಮಾತ್ರ ಉಳೀತಿದ್ವು. ಮಣ್ಣು ಯಾವುದು ಗೊತ್ತಾ? ಎರೆ! ಅಪ್ಪಟ ನಮ್ಮ ಸಿಂಧನೂರು ಮಾನ್ವಿ ಕಡೆ ಎರೆ ಹೊಲ ಹೇಗಿದೆಯೋ ಹಾಗೇ, ಬೇಸಿಗೇಲಿ ಕಾಲು ಸಿಕ್ಕಿಹಾಕೊಳ್ಳೋ ಬಿರುಕು, ಒಂದು ಮಳೆ ಬಿದ್ರೆ ಚಪ್ಪಲಿ ಕಿತ್ಕೊಳ್ಳೋ ಅಂಟು. ಮಣ್ಣು ವಿಜ್ಞಾನಿಗಳ ಲೆಕ್ಕದಲ್ಲಿ ಆ ಮಣ್ಣಿಗೂ ಊರಿಗೂ ಒಂದೇ ಹೆಸರು, ಆದ್ರೆ ಕೈಯಲ್ಲಿ ಹಿಡಿದು ಹಿಸುಕಿದ್ರೆ ನಿಮಗೂ ನನಗೂ ಅದು ಪರಿಚಯದ ಮಣ್ಣೇ.

ಆ ನದಿಗೆ ಆರ್ಡ್ ಅಂತ ಹೆಸರಿಟ್ಟವನು ಅಲೆಕ್ಸಾಂಡರ್ ಫಾರೆಸ್ಟ್, 1879ರಲ್ಲಿ, ಆಗಿನ ಗವರ್ನರ್ ಹೆಸರು ಅದು. ಆದ್ರೆ ಆ ನದಿ ಆಗಲೇ ಮಿರಿವೂಂಗ್ ಜನರದ್ದು, ಅವರು ಅಲ್ಲಿ ಸಾವಿರಾರು ವರ್ಷದಿಂದ ಇದ್ದೋರು. ಅವರ ವರ್ಷದಲ್ಲಿ ಮೂರು ಮುಖ್ಯ ಕಾಲ, ಯಾವ ಗಾಳಿಗೆ ಯಾವ ಮೀನು, ಯಾವ ಹೂ ಬಿಟ್ರೆ ಯಾವ ಹಣ್ಣು ಅನ್ನೋ ಪಂಚಾಂಗ ಅವರ ಹತ್ರ ಇದೆ, ಈಗ ಆ ಊರಿನ ಭಾಷಾ ಕೇಂದ್ರದೋರು ಅದನ್ನ ದಾಖಲೆ ಮಾಡಿಟ್ಟಿದ್ದಾರೆ. ಫಾರೆಸ್ಟ್ ಹೋಗಿ ಬಂದ ಕೆಲವೇ ವರ್ಷಕ್ಕೆ ಕ್ವೀನ್ಸ್‌ಲ್ಯಾಂಡ್‌ನಿಂದ ಡ್ಯೂರಕ್ ಅನ್ನೋ ಕುಟುಂಬ ಸಾವಿರಾರು ದನ ಹೊಡ್ಕೊಂಡು ಬಂತು, 1883ರಲ್ಲಿ ಹೊರಟು 1885ಕ್ಕೆ ಮುಟ್ಟಿದ್ರು. ಅಲ್ಲಿಂದ ಮುಂದೆ ಎಪ್ಪತ್ತು ವರ್ಷ ಅದು ದನಗಳ ಸೀಮೆ. ಬೇಲಿ ಇಲ್ಲ, ಮಿತಿ ಇಲ್ಲ, ನದಿ ದಂಡೆಯಲ್ಲೇ ದನ ಮೇಯ್ದು ಮೇಯ್ದು ಹುಲ್ಲು ಸವೆದು ಮಣ್ಣು ಕೊಚ್ಚಿ ಹೋಗೋಕೆ ಶುರುವಾಯ್ತು. ಮುಂದೆ ದೊಡ್ಡ ಡ್ಯಾಮ್ ಕಟ್ಟೋ ಹೊತ್ತಿಗೆ ಹೂಳಿನ ಭಯ ಎಷ್ಟಿತ್ತು ಅಂದ್ರೆ, 1960ರ ದಶಕದಲ್ಲಿ ಸರ್ಕಾರ ಜಲಾನಯನ ಪ್ರದೇಶದಲ್ಲಿ ದನ ಸಾಕೋ ದೊಡ್ಡ ದೊಡ್ಡ ಜಮೀನುಗಳನ್ನೇ, ಅಲ್ಲಿ ಅವುಕ್ಕೆ ಸ್ಟೇಷನ್ ಅಂತಾರೆ, ವಾಪಸ್ ತಗೊಂಡು, ದನ ಹೊರಗೆ ಹಾಕಿ, ಹುಲ್ಲು ಬಿತ್ತಿಸಿತು. ಈ ಮಾತು ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ನಮ್ಮ ತುಂಗಭದ್ರೆ 132 ಟಿಎಂಸಿಯಿಂದ 105ಕ್ಕೆ ಇಳಿದಿದ್ದು ಹೂಳಿಂದಾನೇ. ಡ್ಯಾಮ್ ಕಟ್ಟೋಕೆ ಮುಂಚೆ ಮೇಲಿನ ಮಣ್ಣು ಹಿಡಿಯೋ ಕೆಲಸ ಶುರು ಮಾಡಿದ್ರಲ್ಲ, ಆ ವಿಷಯದಲ್ಲಿ ಅವರಿಗೆ ನಾನು ಪೂರ್ತಿ ಮಾರ್ಕ್ಸ್ ಕೊಡ್ತೀನಿ.

ಸ್ವಲ್ಪ ದಾರಿ ಬಿಟ್ಟು ಒಂದು ವಿಷಯ. 1939ರಲ್ಲಿ ಐಸಾಕ್ ಸ್ಟೈನ್‌ಬರ್ಗ್ ಅನ್ನೋರು ಇಲ್ಲಿಗೆ ಬರ್ತಾರೆ. ರಷ್ಯಾದಲ್ಲಿ ಲೆನಿನ್ ಸರ್ಕಾರದಲ್ಲಿ ಸ್ವಲ್ಪ ಕಾಲ ಕಾನೂನು ಮಂತ್ರಿ ಆಗಿದ್ದೋರು, ಆಮೇಲೆ ದೇಶ ಬಿಟ್ಟೋರು. ಯುರೋಪಿನಲ್ಲಿ ಹಿಟ್ಲರ್ ಕೈಯಿಂದ ಓಡಿ ಬರ್ತಿರೋ ಯಹೂದಿಗಳಿಗೆ ಒಂದು ನೆಲೆ ಬೇಕು, ಕಿಂಬರ್ಲಿಯಲ್ಲಿ ಡ್ಯೂರಕ್ ಕಂಪನಿಯ ಜಮೀನು ಕೊಂಡು 75 ಸಾವಿರ ಜನರನ್ನ ಕೂರಿಸೋಣ ಅಂತ ಅವರ ಪ್ಲಾನು. ಜಮೀನಿನೋರು ಒಪ್ಪಿದ್ರು, ರಾಜ್ಯ ಸರ್ಕಾರದೋರೂ ಒಲವು ತೋರಿಸಿದ್ರು. ಕೊನೆಗೆ 1944ರಲ್ಲಿ ಪ್ರಧಾನಿ ಕರ್ಟಿನ್ ಆಗಲ್ಲ ಅಂದುಬಿಟ್ರು. ಉತ್ತರ ಖಾಲಿ ಇದೆ, ತುಂಬಬೇಕು ಅಂತ ಹೇಳ್ತಿದ್ದ ಅದೇ ದೇಶ, ಪ್ರಾಣ ಉಳಿಸ್ಕೊಳ್ಳೋಕೆ ಬರ್ತೀವಿ ಅಂದೋರನ್ನ ಬಿಟ್ಕೊಳ್ಳಲಿಲ್ಲ. ಈ ಘಟನೆ ಓದಿದಾಗೆಲ್ಲ ನನಗೆ ಸಂಕಟ ಆಗತ್ತೆ. ಸರಿ, ವಾಪಸ್ ನದಿಗೆ ಬರೋಣ.

ಖಾಲಿ ಉತ್ತರದ ಭಯ ಅಂದೆನಲ್ಲ, ಅದು 1942ರಲ್ಲಿ ಜಪಾನಿಗಳು ಡಾರ್ವಿನ್, ಬ್ರೂಮ್, ವಿಂಡಮ್ ಮೇಲೆ ಬಾಂಬ್ ಹಾಕಿದಾಗ ಗಟ್ಟಿಯಾಯ್ತು. ಜನ ಇಲ್ಲದ ಜಾಗ ಯಾರಾದ್ರೂ ಕಿತ್ಕೊಳ್ತಾರೆ, ಅಲ್ಲಿ ಊರು ಕಟ್ಟಬೇಕು, ರೈತರನ್ನ ಕೂರಿಸಬೇಕು ಅನ್ನೋ ಮಾತು ಎಲ್ಲಾ ಪಕ್ಷದಲ್ಲೂ ಬಂತು. ಅಷ್ಟೊತ್ತಿಗೆ ಅದೇ ಡ್ಯೂರಕ್ ಮನೆತನದ ಕಿಂಬರ್ಲಿ ಡ್ಯೂರಕ್ ನದಿ ದಂಡೆಯಲ್ಲಿ ಸಣ್ಣ ಪ್ಲಾಟ್ ಮಾಡಿ ಏನು ಬೆಳೆಯತ್ತೆ ನೋಡೋಣ ಅಂತ ಶುರು ಮಾಡಿದ್ರು, ಯುದ್ಧ ಮುಗಿಯೋ ಹೊತ್ತಿಗೆ ಸರ್ಕಾರದ ಸಂಶೋಧನಾ ಕೇಂದ್ರಾನೂ ಬಂತು. ಪ್ಲಾಟ್‌ನಲ್ಲಿ ಎಲ್ಲಾ ಬೆಳೀತು. ಹತ್ತಿ, ಭತ್ತ, ಕಬ್ಬು, ಎಣ್ಣೆಕಾಳು, ಏನು ಹಾಕಿದ್ರೂ ಬಂತು! ಪ್ರಯೋಗದ ತಾಕಿನಲ್ಲಿ ಬೆಳೆಯೋದಕ್ಕೂ ರೈತ ಬೆಳೆದು ಬದುಕೋದಕ್ಕೂ ನಡುವೆ ಎಷ್ಟು ಅಂತರ ಅಂತ ಇಲ್ಲಿರೋ ಕೃಷಿ ವಿವಿಯೋರಿಗೆ ಗೊತ್ತು, ನಮಗೆ ಅದಕ್ಕಿಂತ ಚೆನ್ನಾಗಿ ಗೊತ್ತು.

1959ರಲ್ಲಿ ಕೇಂದ್ರ ಸರ್ಕಾರ ಉತ್ತರದ ಅಭಿವೃದ್ಧಿಗೆ ದುಡ್ಡು ಕೊಟ್ತು. 1961ರಲ್ಲಿ ಊರು. 1963ರಲ್ಲಿ ಮೊದಲ ಡ್ಯಾಮ್, ಅದು ಡೈವರ್ಷನ್ ಡ್ಯಾಮ್, ನಮ್ಮ ಅಣೆಕಟ್ಟು ಅಂತೀವಲ್ಲ ಆ ಥರ, ನೀರು ಎತ್ತರಿಸಿ ಕಾಲುವೆಗೆ ತಿರುಗಿಸೋಕೆ. ಪ್ರಧಾನಿ ಮೆನ್ಜೀಸ್ ಬಂದು ಉದ್ಘಾಟನೆ ಮಾಡಿದ್ರು. ಇಪ್ಪತ್ತು ದೊಡ್ಡ ಗೇಟು, ಅದರ ಮೇಲೇ ಹೈವೇ ಹೋಗತ್ತೆ. ಡ್ಯಾಮಿನ ಮೇಲ್ಗಡೆ ಸಾಧು ಮೊಸಳೆ, ಕೆಳಗಡೆ ಮನುಷ್ಯರನ್ನ ತಿನ್ನೋ ದೊಡ್ಡ ಮೊಸಳೆ.

ಊರು ನೋಡಿದ್ರೆ ಯಾರೋ ಡ್ರಾಯಿಂಗ್ ಬೋರ್ಡ್ ಮೇಲೆ ಒಂದೇ ಸಲ ಬರೆದಿದ್ದು ಅಂತ ಗೊತ್ತಾಗತ್ತೆ. ನಮ್ಮ ಕಡೆ ಊರು ಹಳೇದಾಗಿ ದೇವಸ್ಥಾನದ ಸುತ್ತ, ಕೆರೆ ಸುತ್ತ ಬೆಳೀತವೆ. ಅಲ್ಲಿ ಹಾಗಲ್ಲ, ಬಾಗಿದ ಬೀದಿಗಳು, ಬೀದಿಗಳಿಗೆ ಕೂಲಿಬಾ, ಕಾಂಕರ್‌ಬೆರಿ ಅಂತ ಆ ನೆಲದ ಗಿಡಗಳ ಹೆಸರು, ಸರ್ಕಾರಿ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಅಂಗಡಿ ಸಾಲು, ಎಲ್ಲಾ ಒಂದೇ ಕಾಲದ್ದು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅಂದ್ರೆ ಸಿಂಧನೂರು ಗಂಗಾವತಿ ಸುತ್ತಿನ ಕ್ಯಾಂಪುಗಳು. ಅವೂ ಕಾಲುವೆ ಬಂದ ಮೇಲೆ ಹುಟ್ಟಿದ ಊರುಗಳೇ, ಹೊರಗಿಂದ ಬಂದೋರು ಕಟ್ಟಿದ್ದೇ. ವ್ಯತ್ಯಾಸ ಏನಂದ್ರೆ ಕ್ಯಾಂಪಿನೋರು ಭತ್ತ ಬೆಳೆಯೋದು ಗೊತ್ತಿದ್ದು ಬಂದ್ರು. ಕುನುನುರಾಗೆ ಬಂದ ರೈತರು ಪ್ರಯೋಗದ ತಾಕು ಬಿಟ್ರೆ ಆ ಜಾಗದಲ್ಲಿ ಯಾರೂ ಹಿಂದೆ ಬೆಳೆದಿರದ ಬೆಳೆಗೆ ಕೈ ಹಾಕಿದ್ರು.

ಆ ಬೆಳೆ ಹತ್ತಿ. ಇಲ್ಲಿ ಸ್ವಲ್ಪ ನಿಲ್ತೀನಿ.

ಅವರು ನೀರು ಹಾಯಿಸೋ ಕ್ರಮ ನಾನು ಹತ್ತಿರದಿಂದ ನೋಡಿದ್ದು, ಅದನ್ನ ಹೇಳಲೇಬೇಕು. ಹೊಲದ ತಲೆಭಾಗದಲ್ಲಿ ನೆಲಕ್ಕಿಂತ ಸ್ವಲ್ಪ ಎತ್ತರದಲ್ಲಿ ಒಂದು ಮಣ್ಣಿನ ಕಾಲುವೆ. ಅದರ ಏರಿ ಮೇಲೆ ಮುಂಗೈ ದಪ್ಪದ ಪ್ಲಾಸ್ಟಿಕ್ ಪೈಪುಗಳು ಸಾಲಾಗಿ ಬಿದ್ದಿರ್ತವೆ, ಮಧ್ಯ ಬಾಗಿದ್ದು. ಕೆಲಸದೋನು ಒಂದು ತುದಿನ ಕಾಲುವೆ ನೀರಲ್ಲಿ ಅದ್ದಿ, ಇನ್ನೊಂದು ತುದಿಗೆ ಅಂಗೈ ಮುಚ್ಚಿ, ಹಿಂದೆ ಮುಂದೆ ಎರಡು ಮೂರು ಸಲ ಜಗ್ಗಿ ಪೈಪ್ ತುಂಬಾ ನೀರು ತುಂಬಿಸ್ತಾನೆ, ತುಂಬಿದ್ದು ಕೈಗೆ ಭಾರದಲ್ಲೇ ಗೊತ್ತಾಗತ್ತೆ, ಆಗ ಅಂಗೈ ಮುಚ್ಚಿದ ಹಾಗೇ ಒಂದೇ ಏಟಿಗೆ ಏರಿಯಾಚೆ ಸಾಲಿಗೆ ಇಳಿಸಿ ಕೈ ಬಿಡ್ತಾನೆ. ಮುಗೀತು, ಮೋಟಾರಿಲ್ಲ, ಕರೆಂಟಿಲ್ಲ, ನೀರು ತಾನೇ ಹತ್ಕೊಂಡು ಇಳ್ಕೊಂಡು ಹರೀತಾ ಇರತ್ತೆ. ಪಕ್ಕದ ಸಾಲಿಗೆ ಇನ್ನೊಂದು. ಹೀಗೆ ನೂರಾರು ಸಾಲು, ರಾತ್ರಿ ಹಗಲು ಪಾಳಿ ಮೇಲೆ. ಸಾಲಿಗೆ ಇಷ್ಟು ಪೈಪು, ಪೈಪಿಗೆ ಇಷ್ಟು ನೀರು ಅಂತ ಲೆಕ್ಕ ಸಿಗತ್ತೆ, ಮಡಿ ಒಡೆದು ನೀರು ಎಲ್ಲೆಲ್ಲೋ ಹೋಗಲ್ಲ. ಖರ್ಚಿಲ್ಲದ ಈ ಉಪಾಯ ನಮ್ಮ ಹತ್ತಿ ಹೊಲಗಳಲ್ಲಿ ಯಾಕೆ ಬರಲಿಲ್ಲ ಅಂತ ನನಗೆ ಇವತ್ತಿಗೂ ಬೇಜಾರು.

ನೀರು ಸರಿ ಇತ್ತು, ಮಣ್ಣು ಸರಿ ಇತ್ತು, ಬಿಸಿಲು ಬೇಕಾದಷ್ಟು. ಹತ್ತಿ ಬಂತು. ಅದರ ಹಿಂದೆ ಕಾಯಿಕೊರಕ ಬಂತು. ನಿಮಗೆಲ್ಲ ಪರಿಚಯ ಇರೋ ಹುಳಾನೇ, ಹೆಲಿಕೊವರ್ಪಾ, ಕಲಬುರಗಿಯೋರ ತೊಗರಿ ತಿಂದದ್ದು ಇದೇ, ನಮ್ಮ ರಾಯಚೂರಿನ ಹತ್ತಿ ತಿಂದದ್ದೂ ಇದೇ. ಚಳಿ ಬಿದ್ದು ಹುಳ ಸಾಯೋಕೆ ಅಲ್ಲಿ ಚಳಿಗಾಲ ಅನ್ನೋದೇ ಇಲ್ಲ. ವರ್ಷಪೂರ್ತಿ ಅದಕ್ಕೆ ಊಟ. ಡಿಡಿಟಿ ಹೊಡೆದ್ರು, ಹುಳ ಬಗ್ಗಲಿಲ್ಲ, ಇನ್ನಷ್ಟು ಹೊಡೆದ್ರು, ಬೇರೆ ಔಷಧ ಸೇರಿಸಿ ಹೊಡೆದ್ರು, ವಿಮಾನದಿಂದ ಹೊಡೆದ್ರು, ಕೊನೆಕೊನೆಗೆ ಒಂದು ಸೀಜನ್‌ಗೆ 30-40 ಸಲ ಸ್ಪ್ರೇ. ಅದೇ ಹೊತ್ತಿಗೆ ಹತ್ತಿಗೆ ಸರ್ಕಾರ ಕೊಡ್ತಿದ್ದ ಸಬ್ಸಿಡಿ ಕಮ್ಮಿ ಆಗ್ತಾ ಬಂದು ನಿಂತೋಯ್ತು. 1974ಕ್ಕೆ ಹತ್ತಿ ಪೂರ್ತಿ ಬಂದ್. ಔಷಧದ ಅಂಗಡಿ ಸಾಲದಲ್ಲಿ ಮುಳುಗಿದ ಹತ್ತಿ ರೈತರ ಮನೆಗಳು ನಮ್ಮ ಜಿಲ್ಲೇಲಿ ಎಷ್ಟಿವೆ ಅಂತ ನಿಮಗೆ ನಾನು ಹೇಳಬೇಕಾ? ಅಲ್ಲಿಯ ಆ ಮೂವತ್ತರ ಸುಮಾರು ಕುಟುಂಬಗಳೂ ಅದೇ ಹುಳದ ಮುಂದೆ ಸೋತಿದ್ದು.

ಇದೆಲ್ಲ ಯಾರಿಗೂ ಮುಂಚೆ ಗೊತ್ತಿರಲಿಲ್ಲ ಅಂತ ಅಂದ್ಕೋಬೇಡಿ. ಬ್ರೂಸ್ ಡೇವಿಡ್‌ಸನ್ ಅನ್ನೋ ಕೃಷಿ ಅರ್ಥಶಾಸ್ತ್ರಜ್ಞ 1965ರಲ್ಲೇ ಕಡ್ಡಿ ಮುರಿದ ಹಾಗೆ ಹೇಳಿದ್ರು. ಅವರ ವಾದ ಏನಂದ್ರೆ ಆಸ್ಟ್ರೇಲಿಯಾದಲ್ಲಿ ಭೂಮಿ ಬೇಕಾದಷ್ಟಿದೆ, ಕೊರತೆ ಇರೋದು ಆಳು ಮತ್ತು ಬಂಡವಾಳಕ್ಕೆ, ಅಂಥ ದೇಶದಲ್ಲಿ ಒಂದೊಂದು ಎಕರೆಗೂ ಅಷ್ಟು ದುಡ್ಡು ಅಷ್ಟು ಕೂಲಿ ಸುರಿಯೋ ನೀರಾವರಿನ ಮಾರ್ಕೆಟ್‌ನಿಂದ ಅಷ್ಟು ದೂರದಲ್ಲಿ ಮಾಡಿದ್ರೆ ಸಬ್ಸಿಡಿ ಇಲ್ಲದೆ ನಿಲ್ಲಲ್ಲ ಅಂತ. ಅವರನ್ನ ದೇಶದ್ರೋಹಿ ಅನ್ನೋ ಮಟ್ಟಕ್ಕೆ ಬೈದೋರಿದ್ರು. ಆದ್ರೆ ಅವರು ಕೇಳಿದ್ದು ಮನೇಲಿ ಹೆಂಗಸರು ಕೇಳೋ ಪ್ರಶ್ನೇನೇ, ಖರ್ಚು ಎಷ್ಟು, ಬರೋದು ಎಷ್ಟು?

ಹತ್ತಿ ಸಾಯ್ತಾ ಇರೋವಾಗಲೇ ದೊಡ್ಡ ಡ್ಯಾಮ್ ಏಳ್ತಾ ಇತ್ತು, ಇದು ಈ ಕಥೇಲಿ ನನಗೆ ಅರಗದ ಭಾಗ. 1967ರಲ್ಲಿ ದುಡ್ಡು ಒಪ್ಪಿಗೆ ಆಯ್ತು, 1971ಕ್ಕೆ ಕಟ್ಟಿ ಮುಗೀತು, 1972ರಲ್ಲಿ ಪ್ರಧಾನಿ ಮೆಕ್‌ಮಹನ್ ಉದ್ಘಾಟನೆ. ಗೋಡೆ 335 ಮೀಟರ್ ಉದ್ದ ಅಷ್ಟೇ, ಎತ್ತರ ನೂರು ಮೀಟರ್ ಹತ್ತಿರ, ಎರಡು ಗುಡ್ಡದ ಮಧ್ಯ ಅಷ್ಟು ಚಿಕ್ಕ ಗೋಡೆ ಇಟ್ಟು ಅಷ್ಟು ನೀರು ನಿಲ್ಲಿಸಿದ್ದು ಎಂಜಿನಿಯರಿಂಗ್ ಲೆಕ್ಕದಲ್ಲಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಮುಳುಗಡೆ ಆಗೋ ಡ್ಯೂರಕ್ ಮನೆಯ ಕಲ್ಲುಗಳಿಗೆ ಒಂದೊಂದಕ್ಕೂ ನಂಬರ್ ಹಾಕಿ ಬಿಚ್ಚಿ ಇಟ್ಟು, ಆಮೇಲೆ ಮೇಲಿನ ಜಾಗದಲ್ಲಿ ಮತ್ತೆ ಕಟ್ಟಿ ಮ್ಯೂಸಿಯಂ ಮಾಡಿದ್ದಾರೆ. ಅದೇ ನೀರಿನ ಕೆಳಗೆ ಮಿರಿವೂಂಗ್ ಜನರ ಪೂಜ್ಯ ಜಾಗಗಳು ಹೋದ್ವು. ಅವುಕ್ಕೆ ಯಾರೂ ನಂಬರ್ ಹಾಕಲಿಲ್ಲ.

ಹತ್ತಿ ಆದ ಮೇಲೆ ಭತ್ತ. ಭತ್ತಕ್ಕೆ ಮ್ಯಾಗ್‌ಪೈ ಗೂಸ್ ಅನ್ನೋ ಕಪ್ಪು ಬಿಳಿ ಬಾತು ಸಾವಿರಗಟ್ಟಲೆ ಇಳೀತಿದ್ವು, ಅದಕ್ಕೂ ಮುಂಚೆ ಡಾರ್ವಿನ್ ಹತ್ರದ ಹಂಪ್ಟಿ ಡೂನಲ್ಲಿ 1950ರ ದಶಕದ ಒಂದು ದೊಡ್ಡ ಭತ್ತದ ಯೋಜನೇನೂ ಇವು ಬಹಳ ಕಾಡಿದ್ವು. ಆರ್ಡ್‌ನಲ್ಲಿ 1980ರ ದಶಕದಲ್ಲಿ ಭತ್ತ ನಿಂತೋಯ್ತು. ಎಷ್ಟೋ ವರ್ಷ ಆದ ಮೇಲೆ ಮತ್ತೆ ಹಾಕಿದ್ರು, 2011ರಲ್ಲಿ ಬೆಂಕಿ ರೋಗ ಕಾಣಿಸ್ಕೊಂಡು ಮತ್ತೆ ನಿಂತೋಯ್ತು. ಕಬ್ಬು: 1995ರಲ್ಲಿ ಸಕ್ಕರೆ ಫ್ಯಾಕ್ಟರಿ ಬಂತು, 2007ರಲ್ಲಿ ಮುಚ್ಚಿತು. ಇಷ್ಟು ಸಣ್ಣ ಅಚ್ಚುಕಟ್ಟಿನ ಕಬ್ಬಿಗೆ ಫ್ಯಾಕ್ಟರಿ ಹೊಟ್ಟೆ ತುಂಬಲಿಲ್ಲ, ಸಕ್ಕರೆ ರೇಟೂ ಬಿತ್ತು, ಅಷ್ಟೇ ವಿಷಯ. ಕಲ್ಲಂಗಡಿ, ಕರಬೂಜ, ಮಾವು, ಕುಂಬಳ ಬೆಳೆದ್ರು, ಈಗಲೂ ಬೆಳೀತಾರೆ, ದಕ್ಷಿಣದಲ್ಲಿ ಚಳಿ ಇರೋವಾಗ ಇವರದ್ದು ಹಣ್ಣಿಗೆ ಬರತ್ತೆ, ಆದ್ರೆ ಮೂರು ಸಾವಿರ ಕಿಲೋಮೀಟರ್ ಲಾರಿ ಬಾಡಿಗೆ ಕೊಟ್ಟು ಪರ್ತ್‌ಗೆ ಕಳಿಸ್ಬೇಕು. ಚಿಯಾ ಬೀಜ ಕೂಡ ಬೆಳೆದು ಹೆಸರು ಮಾಡಿದ್ರು. ಕೀಳೋಕೆ ಆಳು ಬೇಕಲ್ಲ, ಊರೂರು ಸುತ್ತೋ ಬ್ಯಾಕ್‌ಪ್ಯಾಕರ್ ಹುಡುಗರು, ಪೆಸಿಫಿಕ್ ದ್ವೀಪಗಳಿಂದ ಬರೋ ಕೆಲಸಗಾರರು.

ಇನ್ನು ನಮಗೆ ನೇರ ಸಂಬಂಧ ಇರೋದು. ಶ್ರೀಗಂಧ.

ಮೈಸೂರು ಶ್ರೀಗಂಧ ಅಂತ ನಾವು ಎದೆ ತಟ್ಕೊಂಡು ಹೇಳೋ ಮರ, ಅದೇ ಜಾತಿ, ಸಾಂಟಾಲಮ್ ಆಲ್ಬಮ್, ಕುನುನುರಾ ಎರೆ ಹೊಲದಲ್ಲಿ ಕಾಲುವೆ ನೀರು ಕುಡ್ಕೊಂಡು ಸಾಲು ಸಾಲು ನಿಂತಿದೆ! 1980ರ ದಶಕದಲ್ಲಿ ಅಲ್ಲಿಯ ಅರಣ್ಯ ಇಲಾಖೆ ಪ್ರಯೋಗ ಶುರು ಮಾಡಿತು, 1999ರ ಹೊತ್ತಿಗೆ ಕಂಪನಿಗಳು ತೋಟ ಹಾಕೋಕೆ ಶುರು ಮಾಡಿದ್ವು, ಮುಂದಿನ ಹದಿನೈದು ವರ್ಷದಲ್ಲಿ ಇಡೀ ಅಚ್ಚುಕಟ್ಟಲ್ಲಿ ಅತಿ ಹೆಚ್ಚು ಜಮೀನು ಹಿಡಿದ ಬೆಳೆ ಅದೇ ಆಯ್ತು. ಗಂಧದ ಗಿಡ ಒಂಟಿಯಾಗಿ ಬದುಕಲ್ಲ, ಪಕ್ಕದ ಗಿಡದ ಬೇರಿಗೆ ಬೇರು ಹಾಕಿ ಊಟ ಹೀರತ್ತೆ, ನಮ್ಮ ನರ್ಸರಿಯೋರು ಅದಕ್ಕೇ ಪಾಕೆಟ್‌ನಲ್ಲಿ ತೊಗರಿ ಹಾಕ್ತಾರೆ. ಅಲ್ಲಿ ಅದನ್ನ ಹಂತ ಹಂತವಾಗಿ ಮಾಡಿದ್ದಾರೆ: ಕುಂಡದಲ್ಲಿ ಇರೋವಾಗ ನೆಲದಲ್ಲಿ ಹಬ್ಬೋ ಒಂದು ಗಿಡ, ಹೊಲಕ್ಕೆ ಬಂದ ಮೇಲೆ ಬೇಗ ಬೆಳೆದು ಬೇಗ ಸಾಯೋ ಅಗಸೆ ಜಾತಿಯ ಮರ, ಆಮೇಲೆ ದೀರ್ಘಕಾಲಕ್ಕೆ ನಿಲ್ಲೋ ಬೇರೆ ಮರ. ಗಂಧ ಎಷ್ಟು ವರ್ಷದ್ದೋ ಅದಕ್ಕೆ ತಕ್ಕ ಜೊತೆ ಗಿಡ. ಹದಿನೈದು ವರ್ಷಕ್ಕೆ ಕಟಾವು.

ನಮ್ಮ ಕಡೆ ಏನಾಯ್ತು ನೋಡಿ. ಟಿಪ್ಪು 1792ರಲ್ಲಿ ರಾಜವೃಕ್ಷ ಮಾಡಿದ, ಆಮೇಲೆ ಬಂದ ಸರ್ಕಾರಗಳೂ ಅದನ್ನೇ ಮುಂದುವರಿಸಿದ್ವು, ನಿಮ್ಮ ಹೊಲದಲ್ಲಿ ಗಂಧ ಹುಟ್ಟಿದ್ರೂ ಅದು ಸರ್ಕಾರದ್ದು. ಹಾಗಾಗಿ ಸಸಿ ಕಂಡ ರೈತ ಅದನ್ನ ಉಳಿಸೋಕೆ ಯಾಕೆ ಹೋಗ್ತಾನೆ? 2001ರಲ್ಲಿ ಕಾನೂನು ಬದಲಾಗಿ ಮರ ರೈತಂದೇ ಅಂತ ಆಯ್ತು. ಅಷ್ಟೊತ್ತಿಗೆ ಕಾಡಿನ ಗಂಧ ಕಳ್ಳರು ಅರ್ಧ ಹೊಡೆದಿದ್ರು, ಸ್ಪೈಕ್ ರೋಗ ಮಿಕ್ಕಿದ್ದು ಹೊಡೆದಿತ್ತು. 1916ರಿಂದ ಗಂಧದೆಣ್ಣೆ ತೆಗೆದ ಮೈಸೂರಿನೋರು ನಾವು, ತೋಟ ಮಾತ್ರ ಇಂಡಿಯನ್ ಓಷನ್ ದಾಟಿ ಎದ್ದಿತು. ಈ ವಿಷಯದಲ್ಲಿ ನನಗೆ ಅವರ ಮೇಲೆ ಹೊಟ್ಟೆಕಿಚ್ಚಿಲ್ಲ, ನಮ್ಮ ಹಳೇ ಕಾನೂನಿನ ಮೇಲೆ ಸಿಟ್ಟಿದೆ.

ಆದ್ರೆ ಅಲ್ಲೂ ಎಲ್ಲಾ ಹಾಲು ಜೇನು ಅಲ್ಲ. ಆ ತೋಟಗಳಿಗೆ ದುಡ್ಡು ಬಂದಿದ್ದು ದೂರದ ಸಿಟಿಗಳ ಹೂಡಿಕೆದಾರರಿಂದ, ಅವರಲ್ಲಿ ಬಹಳ ಜನಕ್ಕೆ ಮುಖ್ಯ ಆಕರ್ಷಣೆ ಟ್ಯಾಕ್ಸ್ ಉಳಿತಾಯ. ಮರ ಬೆಳೆಯೋಕೆ ಹದಿನೈದು ವರ್ಷ, ಶೇರ್ ಮಾರ್ಕೆಟ್‌ಗೆ ಅಷ್ಟು ತಾಳ್ಮೆ ಎಲ್ಲಿ? ಅತಿ ದೊಡ್ಡ ಕಂಪನಿ, ಕ್ವಿಂಟಿಸ್, 2017ರಲ್ಲಿ ಶೇರು ಕುಸಿದು 2018ರ ಜನವರಿಯಲ್ಲಿ ಅಡ್ಮಿನಿಸ್ಟ್ರೇಷನ್‌ಗೆ, ಅಂದ್ರೆ ಸಾಲ ತೀರಿಸೋಕಾಗದೆ ಹೊರಗಿನ ಆಡಳಿತಗಾರರ ಕೈಗೆ, ಹೋಯ್ತು. ಇಲ್ಲಿ ಎಕರೆಗೆ ಇಷ್ಟು ಕೋಟಿ ಅಂತ ಪಾಂಪ್ಲೆಟ್ ಹಂಚಿ ಗಂಧದ ಸಸಿ ಮಾರೋರು ಬಂದಾಗ ಈ ತಾರೀಕು ನೆನಪಿಸ್ಕೊಳ್ಳಿ. ಗಂಧ ಹಾಕಬೇಡಿ ಅಂತಿಲ್ಲ, ಹಾಕಿ, ಬದುವಲ್ಲಿ ಹಾಕಿ, ಆದ್ರೆ ಅದೊಂದರ ಮೇಲೆ ಸಾಲ ಮಾಡಬೇಡಿ.

ಹಾಗಾದ್ರೆ ಬೆಳೆ ಮೇಲೆ ಬೆಳೆ ಬಿದ್ರೂ ಊರು ಹೇಗೆ ನಿಂತಿದೆ? ಊರನ್ನ ಎತ್ತಿ ಹಿಡಿದಿದ್ದು ಬೇರೆ ಕೈಗಳು. 1980ರ ದಶಕದಲ್ಲಿ ದಕ್ಷಿಣಕ್ಕೆ ಆರ್ಗೈಲ್ ವಜ್ರದ ಗಣಿ ಶುರುವಾಯ್ತು, ಗುಲಾಬಿ ವಜ್ರಕ್ಕೆ ಪ್ರಪಂಚದಲ್ಲೇ ಹೆಸರು, ಅದರ ಸಣ್ಣ ಕಂದು ವಜ್ರಗಳನ್ನ ಕಟ್ ಮಾಡ್ತಿದ್ದೋರು ನಮ್ಮ ಸೂರತ್‌ನೋರು. 1996ರಲ್ಲಿ ದೊಡ್ಡ ಡ್ಯಾಮ್ ಕೆಳಗೆ 30 ಮೆಗಾವ್ಯಾಟ್ ಜಲವಿದ್ಯುತ್ ಬಂತು, ಗಣಿಗೂ ಊರಿಗೂ ಕರೆಂಟು. ಗಣಿ 2020ರಲ್ಲಿ ಮುಚ್ಚಿತು. ಇನ್ನು ಆಸ್ಪತ್ರೆ, ಶಾಲೆ, ಪೊಲೀಸ್, ಸರ್ಕಾರಿ ಆಫೀಸು, ಸುತ್ತಲಿನ ಮೂಲನಿವಾಸಿ ಸಮುದಾಯಗಳಿಗೆ ಸೇವೆ ಕೊಡೋ ಸಂಸ್ಥೆಗಳು, ಮಳೆ ಇಲ್ಲದ ತಿಂಗಳುಗಳಲ್ಲಿ ಬರೋ ಟೂರಿಸ್ಟ್‌ಗಳು. ನೀರಾವರಿಗಾಗಿ ಕಟ್ಟಿದ ಊರು, ಅದರಲ್ಲಿ ಬಹಳ ಜನರ ಸಂಬಳ ಬರೋದು ಹೊಲದಿಂದ ಅಲ್ಲ.

ಮಿರಿವೂಂಗ್ ಜನರ ಮಾತು ಮಧ್ಯ ಮಧ್ಯ ಬಂತು, ಅದನ್ನ ಸರಿಯಾಗಿ ಹೇಳದೆ ಬಿಟ್ರೆ ಈ ಉಪನ್ಯಾಸಕ್ಕೆ ಅರ್ಥ ಇಲ್ಲ. ದನದ ಸ್ಟೇಷನ್‌ಗಳಲ್ಲಿ ದುಡಿದೋರು ಅವರೇ, ದಶಕಗಟ್ಟಲೆ, ಹೊಟ್ಟೆಗೆ ಬಟ್ಟೆಗೆ. 1968ರ ಡಿಸೆಂಬರ್‌ನಿಂದ ಅವರಿಗೂ ಬಿಳಿಯರಷ್ಟೇ ಸಂಬಳ ಕೊಡ್ಬೇಕು ಅಂತ ನಿಯಮ ಬಂತು. ನ್ಯಾಯವಾದ ನಿಯಮ. ಆದ್ರೆ ಬಹಳ ಸ್ಟೇಷನ್ ಮಾಲೀಕರು ಸಂಬಳ ಕೊಡೋ ಬದಲು ಜನರನ್ನೇ ಹೊರಗೆ ಹಾಕಿದ್ರು. ಹುಟ್ಟಿದ ನೆಲ ಬಿಟ್ಟು ಅವರು ಬಂದು ಸೇರಿದ್ದು ಕುನುನುರಾ, ವಿಂಡಮ್, ಹಾಲ್ಸ್ ಕ್ರೀಕ್ ಅಂಚಿಗೆ. ಊರೊಳಗೆ ಬಂದ ರೈತನಿಗೆ ಕ್ವಾರ್ಟರ್ಸ್ ಸಿದ್ಧ ಇತ್ತು. ಇವರಿಗೆ ಊರಾಚೆ ತಗಡಿನ ಜೋಪಡಿ. ಅದೇ ಮೂರು ನಾಲ್ಕು ವರ್ಷದಲ್ಲಿ ಜಲಾಶಯ ತುಂಬಿತು. ಕೋರ್ಟಿಗೆ ಹೋದ್ರು, ಮಿರಿವೂಂಗ್ ಗಜೆರಾಂಗ್ ಜನರ ಹಕ್ಕಿನ ಕೇಸು, 1998ರಲ್ಲಿ ಫೆಡರಲ್ ಕೋರ್ಟ್ ಅವರ ಪರ ಹೇಳಿತು, 2002ರಲ್ಲಿ ಹೈಕೋರ್ಟ್, ಅಲ್ಲಿ ಹೈಕೋರ್ಟ್ ಅಂದ್ರೆ ನಮ್ಮ ಸುಪ್ರೀಂ ಕೋರ್ಟ್ ಥರ, ಅದನ್ನ ಭಾಗಶಃ ಕತ್ತರಿಸಿತು. ಕೊನೆಗೆ 2005ರಲ್ಲಿ ಸರ್ಕಾರದ ಜೊತೆ ಒಪ್ಪಂದ: ಹೊಸ ನೀರಾವರಿಗೆ ಜಮೀನು ಬಿಟ್ಕೊಡೋಕೆ ಬದಲಾಗಿ ಅವರಿಗೂ ಜಮೀನು, ದುಡ್ಡು, ಸಂರಕ್ಷಿತ ಪ್ರದೇಶಗಳ ಆಡಳಿತದಲ್ಲಿ ಪಾಲು. ಮೊದಲ ಕಾಲುವೆಗೆ ಅವರನ್ನ ಯಾರೂ ಕೇಳಿರಲಿಲ್ಲ, ಎರಡನೇದಕ್ಕೆ ಕೇಳಿದ್ರು. ನಮ್ಮಲ್ಲಿ ಮುಳುಗಡೆ ಆದವರ ಕಥೆ ಗೊತ್ತಿರೋರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಅರ್ಥ ಆಗತ್ತೆ.

ಆ ಎರಡನೇ ಹಂತ ಗೂಮಿಗ್ ಅನ್ನೋ ಬಯಲು, 18 ಸಾವಿರ ಎಕರೆ ಹತ್ತಿರ, ಸರ್ಕಾರ ನೂರಾರು ಮಿಲಿಯನ್ ಡಾಲರ್ ಹಾಕಿ ಕಾಲುವೆ ರಸ್ತೆ ಮಾಡಿತು, 2012ರಲ್ಲಿ ಅಭಿವೃದ್ಧಿಗೆ ಆರಿಸಿದ್ದು ಚೀನಾದ ಒಂದು ಕಂಪನಿನ. ಅವರು ಮತ್ತೆ ಕಬ್ಬು, ಸಕ್ಕರೆ ಫ್ಯಾಕ್ಟರಿ ಅಂದ್ರು. ಫ್ಯಾಕ್ಟರಿಗೆ ಸಾಕಾಗೋಷ್ಟು ಜಮೀನು ಇನ್ನೂ ಬೇಕು ಅಂತ ಅದು ಅಲ್ಲೇ ನಿಂತಿತು. ಈಗ ಅಲ್ಲಿ ಮತ್ತೆ ಹತ್ತಿ! ಹುಳಕ್ಕೆ ವಿಷ ಒಳಗೇ ಇರೋ ಬಿಟಿ ಹತ್ತಿ, ಸ್ಪ್ರೇ ನಲವತ್ತರಿಂದ ಬೆರಳೆಣಿಕೆಗೆ ಇಳಿದಿದೆ. ಬಿತ್ತನೆ ಮಳೆಗಾಲದಲ್ಲಿ, ಅರ್ಧ ನೀರು ಆಕಾಶದ್ದೇ. ಬಿಡಿಸಿದ ಹತ್ತಿನ ಜಿನ್ ಮಾಡೋಕೆ, ಅಂದ್ರೆ ಬೀಜ ಬೇರೆ ಮಾಡೋಕೆ, ಕ್ವೀನ್ಸ್‌ಲ್ಯಾಂಡ್‌ಗೆ ಸಾವಿರಾರು ಕಿಲೋಮೀಟರ್ ಕಳಿಸ್ತಿದ್ರು, ಈಗ ಊರ ಹತ್ರಾನೇ ಜಿನ್ ಕಟ್ಟಿದ್ದಾರೆ. ನಮ್ಮಲ್ಲಿ ಬಿಟಿ ಬಂದ ಹತ್ತು ಹದಿನೈದು ವರ್ಷಕ್ಕೆ ಗುಲಾಬಿ ಕಾಯಿಕೊರಕ ಅದನ್ನ ದಾಟಿದ್ದು ನೋಡಿದ್ದೀವಿ, ಹಾಗಾಗಿ ಅಲ್ಲಿ ಹುಳ ಬಿಟಿ ವಿಷಕ್ಕೆ ಒಗ್ಗದಿರಲಿ ಅಂತ ಸುತ್ತ ಹುಳಕ್ಕೆ ಬೇರೆ ಗಿಡ ಬಿಟ್ಟು ಬೆಳೆಯೋ ನಿಯಮ ಕಟ್ಟುನಿಟ್ಟಾಗಿ ಪಾಲಿಸ್ತಾರೆ ಅನ್ನೋದು ನನಗೆ ಜಿನ್‌ಗಿಂತ ದೊಡ್ಡ ಸುದ್ದಿ.

ಒಬ್ರು ಹಿರಿಯರು ಆಗಲೇ ಚೀಟಿ ಕಳಿಸಿದ್ದಾರೆ, ಅಲ್ಲಿ ಸವಳು ಜವಳು ಇದೆಯಾ ಅಂತ. ಯಜಮಾನ್ರೇ, ಸರಿಯಾದ ಪ್ರಶ್ನೆ. ನೀರಾವರಿ ಶುರುವಾದಾಗ ಅಂತರ್ಜಲ ಹತ್ತು ಮೀಟರ್‌ಗಿಂತ ಆಳದಲ್ಲಿತ್ತು, ಕೆಲವು ದಶಕದಲ್ಲಿ ಹಲವು ಕಡೆ ಕೆಲವೇ ಮೀಟರ್‌ಗೆ ಏರಿ ಬಂತು. ಕಾರಟಗಿ ಸಿಂಧನೂರಲ್ಲಿ ನಮ್ಮ ಭತ್ತದ ಗದ್ದೆಗಳಿಗೆ ಆಗಿದ್ದು ಇದೇ, ನೀರು ಮೇಲೆ ಬರ್ತಾ ಉಪ್ಪನ್ನೂ ತರತ್ತೆ. ಅದನ್ನ ಅವರು ನೋಡಿ, ಗೂಮಿಗ್‌ಗೆ ಒಪ್ಪಿಗೆ ಕೊಡೋವಾಗಲೇ ಷರತ್ತು ಹಾಕಿದ್ರು: ಅಂತರ್ಜಲದ ಮಟ್ಟ ಅಳೀತಾ ಇರ್ಬೇಕು, ಹೊಲದಿಂದ ಹೊರಗೆ ಬಂದ ಬಸಿ ನೀರು ಹಿಡಿದು ಮತ್ತೆ ಹೊಲಕ್ಕೇ ಬಿಡ್ಬೇಕು, ಪಕ್ಕದ ಕೀಪ್ ನದಿಗೆ ಹೋಗಬಾರದು, ಆ ನದೀಲಿ ಅಳಿವಿನಂಚಿನ ಗರಗಸ ಮೀನು ಇದಾವೆ. ಮಟ್ಟ ಅಳೆಯೋ ಸಾಧನ ಅಂದ್ರೆ ದೊಡ್ಡದೇನಲ್ಲ, ಪೀಜೋಮೀಟರ್ ಅಂತಾರೆ, ತಳದಲ್ಲಿ ತೂತು ಕೊರೆದ ಪಿವಿಸಿ ಪೈಪು ನೆಲಕ್ಕೆ ಇಳಿಸಿ, ಸುತ್ತ ಮರಳು ಹಾಕಿ, ಮೇಲೆ ಮುಚ್ಚಳ. ತಿಂಗಳಿಗೊಂದು ಸಲ ಟೇಪ್ ಇಳಿಬಿಟ್ಟು ನೀರು ಎಲ್ಲಿದೆ ಅಂತ ಬರ್ಕೊಳ್ಳೋದು. ಆ ಅಳತೆ ಒಂದೂವರೆ ಎರಡು ಮೀಟರ್ ಒಳಗೆ ಬಂತು ಅಂದ್ರೆ ಭತ್ತ ನಿಲ್ಲಿಸಿ ಬಸಿಗಾಲುವೆ ತೋಡೋ ಟೈಮ್ ಆಯ್ತು ಅಂತ. ನಿಮ್ಮ ಲ್ಯಾಟರಲ್‌ನ, ಅಂದ್ರೆ ಒಂದೇ ಉಪಕಾಲುವೆಯ, ಹತ್ತು ಹದಿನೈದು ಜನ ಸೇರಿದ್ರೆ ಇಂಥದ್ದು ನಾಲ್ಕು ಕಡೆ ಹಾಕಿಸ್ಕೋಬಹುದು, ಕಾಡಾ, ಅಂದ್ರೆ ಅಚ್ಚುಕಟ್ಟು ಅಭಿವೃದ್ಧಿ ಪ್ರಾಧಿಕಾರದ ಆಫೀಸಲ್ಲಿ ಅರ್ಜಿ ಕೊಟ್ಟು ಕೇಳಿ, ಕೊಡದಿದ್ರೆ ನೀವೇ ಹಾಕಿಸಿ, ಜಾಗ ಎಲ್ಲೆಲ್ಲಿ ಅಂತ ಗುರುತು ಮಾಡೋಕೆ ನಾನು ಬರ್ತೀನಿ.